ಚಾರ್ಟಿನ ಪದ, ಬಾಯಿಯ ಪದ: ಮಕ್ಕಳಲ್ಲಿ ದಿನಬಳಕೆಯ ಇಂಗ್ಲಿಷ್ ಬೆಳೆಯುವ ಬಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋಯಿತು. ಮರುದಿನದಿಂದ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಚಹಾದಂಗಡಿಗಳಲ್ಲಿ, ಕಾಲುವೆಯ ದಂಡೆಗಳಲ್ಲಿ, ಬಸ್ಸಿನ ಸೀಟುಗಳಲ್ಲಿ ಎರಡು ಹೊಸ ಇಂಗ್ಲಿಷ್ ಪದಗಳು ಓಡಾಡತೊಡಗಿದವು. ಒಂದು ಕ್ರೆಸ್ಟ್ ಗೇಟ್, ಅಂದರೆ ಅಣೆಕಟ್ಟಿನ ಮೇಲ್ತುದಿಯಲ್ಲಿರುವ ಗೇಟು; ಇನ್ನೊಂದು ಸ್ಟಾಪ್‌ಲಾಗ್. ವಾರ ಕಳೆಯುವುದರೊಳಗೆ, ಶಾಲೆಯ ಮೆಟ್ಟಿಲು ಹತ್ತದ ರೈತರೂ ಸ್ಟಾಪ್‌ಲಾಗ್ ಎಂದರೆ ಒಂದರ ಮೇಲೊಂದು ಇಳಿಸಿ ಹರಿಯುವ ನೀರನ್ನು ತಡೆಯುವ ಉಕ್ಕಿನ ಹಲಗೆ ಎಂಬುದನ್ನು ಕೈಸನ್ನೆ ಮಾಡಿ ವಿವರಿಸುವಂತಾಗಿದ್ದರು. ಅವರಿಗೆ ಯಾರೂ ಪದಗಳ ಪಟ್ಟಿ ಕೊಟ್ಟಿರಲಿಲ್ಲ, ಸ್ಪೆಲ್ಲಿಂಗ್ ಬರೆಸಿರಲಿಲ್ಲ, ಪರೀಕ್ಷೆಯನ್ನೂ ಇಟ್ಟಿರಲಿಲ್ಲ. ನೀರಿನ ಹರಿವನ್ನು ಅಳೆಯುವ ಕ್ಯೂಸೆಕ್, ಸಂಗ್ರಹವನ್ನು ಅಳೆಯುವ ಟಿಎಂಸಿ ಎಂಬ ಪದಗಳಂತೂ ಈ ಸೀಮೆಯಲ್ಲಿ ಎಷ್ಟೋ ವರ್ಷಗಳಿಂದ ಮನೆಮಾತಾಗಿವೆ.

ಇದೇ ಜಿಲ್ಲೆಗಳ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಓದಿದ ಮಗು ಐದನೇ ತರಗತಿಗೆ ಬಂದಾಗ, ಪುಸ್ತಕದಲ್ಲಿರುವ ಸಾಲನ್ನು ಗಟ್ಟಿಯಾಗಿ ಓದಿಬಿಡುತ್ತದೆ. ಆದರೆ ಆ ಸಾಲಿನ ಅರ್ಥವೇನೆಂದು ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಒಂದು ಕಡೆ ವಾರದಲ್ಲಿ ಅಂಟಿಕೊಂಡ ಪದ, ಇನ್ನೊಂದು ಕಡೆ ಐದು ವರ್ಷವಾದರೂ ಅಂಟದ ಪದ. ಈ ವ್ಯತ್ಯಾಸಕ್ಕೆ ಮಗುವಿನ ಬುದ್ಧಿವಂತಿಕೆ ಕಾರಣವಲ್ಲ, ಪದವನ್ನು ಎದುರಾಗಿಸಿದ ರೀತಿ ಕಾರಣ.

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿತು. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲಾಯಿತು. ಹೀಗಾಗಿ ತಾವು ಇಂಗ್ಲಿಷ್ ಓದದ ತಂದೆತಾಯಿಗಳು ಇಂಗ್ಲಿಷ್ ಓದುವ ಮಕ್ಕಳನ್ನು ಬೆಳೆಸುವ ಸ್ಥಿತಿ ಹಳ್ಳಿಹಳ್ಳಿಯಲ್ಲೂ ಇದೆ. ಎಷ್ಟು ಪದ ಕಲಿಸಬೇಕು, ಯಾವುದು ಮೊದಲು, ಕಲಿತದ್ದು ಏಕೆ ಮರೆತುಹೋಗುತ್ತದೆ ಎಂಬ ಪ್ರಶ್ನೆಗಳನ್ನು ಅವರು ಜೂನ್ ತಿಂಗಳಲ್ಲಿ ಹೆಚ್ಚಾಗಿ ಕೇಳುತ್ತಾರೆ.

ಒಂದು ಪದ ಗೊತ್ತು ಎಂದರೆ ಏನು ಗೊತ್ತು?

ಪದಸಂಪತ್ತು ಎಂದರೆ ಒಬ್ಬ ವ್ಯಕ್ತಿಗೆ ಗೊತ್ತಿರುವ ಪದಗಳ ಒಟ್ಟು ಮೊತ್ತ ಎಂದು ಸುಲಭವಾಗಿ ಹೇಳಿಬಿಡಬಹುದು. ತೊಡಕಿರುವುದು ‘ಗೊತ್ತಿರುವ’ ಎಂಬ ಮಾತಿನಲ್ಲಿ. ಊರಿನ ಒಬ್ಬರ ಪರಿಚಯವೂ ಹೀಗೆಯೇ ಅಲ್ಲವೇ? ಮುಖ ನೋಡಿದರೆ ಗುರುತು ಸಿಗುತ್ತದೆ, ಹೆಸರು ನೆನಪಾಗುವುದಿಲ್ಲ. ಹೆಸರು ಗೊತ್ತಿದೆ, ಮನೆ ಯಾವುದೆಂದು ಗೊತ್ತಿಲ್ಲ. ಮನೆ ಗೊತ್ತಿದೆ, ಅವರ ನಂಟರು ಯಾರೆಂದು ತಿಳಿಯದು. ಪದವನ್ನೂ ಹೀಗೆ ಹಂತಹಂತವಾಗಿ ಅರಿಯಬೇಕಾಗುತ್ತದೆ. ಕೇಳಿದಾಗ ಅದರ ಸದ್ದು ಗುರುತಾಗಬೇಕು, ಅರ್ಥ ಹೊಳೆಯಬೇಕು, ಬರಹದಲ್ಲಿ ಕಂಡಾಗ ಓದಬೇಕು, ಬೇಕಾದಾಗ ಬಾಯಿಗೆ ಬರಬೇಕು, ಕೊನೆಗೆ ಅದು ಯಾವ ಪದದ ಜೊತೆ ಕೂಡುತ್ತದೆ ಎಂಬುದೂ ತಿಳಿಯಬೇಕು.

ಕೊನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಾವು ಕಡಕ್ ಚಹಾ ಎನ್ನುತ್ತೇವೆ, ಗಟ್ಟಿ ಚಹಾ ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ಅದು ಸ್ಟ್ರಾಂಗ್ ಟೀ. ನಮ್ಮಲ್ಲಿ ದೊಡ್ಡ ಮಳೆಯೂ ಬರುತ್ತದೆ, ಜೋರು ಮಳೆಯೂ ಬರುತ್ತದೆ. ಇಂಗ್ಲಿಷಿನಲ್ಲಿ ಹೆವಿ ರೇನ್ ಬರುತ್ತದೆ. ಬಿಗ್ ಎಂಬ ಪದವನ್ನೂ ರೇನ್ ಎಂಬ ಪದವನ್ನೂ ಬಲ್ಲ ಮಗು ಬಿಗ್ ರೇನ್ ಎಂದರೆ, ಅದಕ್ಕೆ ಎರಡು ಪದಗಳು ಗೊತ್ತಿವೆ, ಅವುಗಳ ನಂಟಸ್ತಿಕೆ ಇನ್ನೂ ಗೊತ್ತಿಲ್ಲ ಎಂದಷ್ಟೇ ತಿಳಿಯಬೇಕು.

ಭಾಷಾಬೋಧನೆಯ ಪಂಡಿತರು ಪದಜ್ಞಾನವನ್ನು ಸ್ಥೂಲವಾಗಿ ಎರಡು ಭಾಗ ಮಾಡುತ್ತಾರೆ. ಕೇಳಿದಾಗ ಅಥವಾ ಓದಿದಾಗ ಅರ್ಥವಾಗುವ ಪದಗಳು ಗ್ರಹಿಕೆಯ ಪದಗಳು. ತಾನಾಗಿ ಆಡಲು, ಬರೆಯಲು ಒದಗುವ ಪದಗಳು ಬಳಕೆಯ ಪದಗಳು. ಯಾವ ಭಾಷೆಯಲ್ಲೇ ಆಗಲಿ, ಯಾವ ವಯಸ್ಸಿನವರಲ್ಲೇ ಆಗಲಿ, ಮೊದಲನೆಯ ಗುಂಪು ಎರಡನೆಯದಕ್ಕಿಂತ ದೊಡ್ಡದಾಗಿರುತ್ತದೆ. ವಚನವನ್ನು ಕೇಳಿ ಅರ್ಥಮಾಡಿಕೊಳ್ಳುವ ಎಲ್ಲರೂ ವಚನದ ಭಾಷೆಯಲ್ಲಿ ಮಾತನಾಡುವುದಿಲ್ಲವಷ್ಟೆ. ಆದ್ದರಿಂದ ಮಗು ಮಾತನಾಡುವ ಇಂಗ್ಲಿಷನ್ನು ಮಾತ್ರ ನೋಡಿ ಅದರ ಪದಸಂಪತ್ತನ್ನು ಅಳೆಯುವುದು, ಕಣಜದ ಬಾಯಲ್ಲಿ ಕಾಣುವ ಜೋಳವನ್ನು ನೋಡಿ ಕಣಜವನ್ನು ಅಳೆದಂತೆ.

ಎಷ್ಟು ಪದ, ಯಾವ ಪದ ಮೊದಲು?

ಪದಗಳನ್ನು ಎಣಿಸುವಾಗ ಕುಟುಂಬದ ಲೆಕ್ಕ ಹಿಡಿಯುವ ರೂಢಿಯಿದೆ. ಕನ್ನಡದಲ್ಲಿ ಬರೆ, ಬರೆದ, ಬರಹ, ಬರವಣಿಗೆ ಒಂದೇ ಮನೆಯವು. ಇಂಗ್ಲಿಷಿನ ರೈಟ್, ರೈಟರ್, ರೈಟಿಂಗ್, ರಿಟನ್ ಕೂಡ ಹಾಗೆಯೇ ಒಂದು ಪದಕುಟುಂಬ. ಈ ಲೆಕ್ಕದಲ್ಲಿ ನೋಡಿದಾಗ ಭಾಷೆಯ ಒಂದು ವಿಚಿತ್ರ ಗುಣ ಕಾಣಿಸುತ್ತದೆ: ನಿಘಂಟಿನಲ್ಲಿ ಲಕ್ಷಾಂತರ ಪದಗಳಿದ್ದರೂ ಮಾತಿನ ಮತ್ತು ಬರಹದ ಬಹುಪಾಲು ಕೆಲಸವನ್ನು ಕೆಲವೇ ಪದಗಳು ಮಾಡುತ್ತವೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 100 ಪದಗಳೇ ಯಾವುದೇ ಸಾಮಾನ್ಯ ಬರಹದ ಸುಮಾರು ಅರ್ಧದಷ್ಟು ಜಾಗವನ್ನು ತುಂಬುತ್ತವೆ. ಸುಮಾರು 2,000 ಪದಕುಟುಂಬಗಳನ್ನು ಬಲ್ಲವರಿಗೆ ಸಾಮಾನ್ಯ ಬರಹದ ಶೇಕಡಾ 80ರಷ್ಟು ಪದಗಳು ಪರಿಚಿತವಾಗಿರುತ್ತವೆ.

ಈ 2,000ದ ಲೆಕ್ಕದ ಹಿಂದೆ ನಮ್ಮ ಉಪಖಂಡದ ಮಕ್ಕಳೂ ಇದ್ದಾರೆ. ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣಾಧಿಕಾರಿ, ಬ್ರಿಟಿಷರ ಕಾಲದಲ್ಲಿ ಢಾಕಾದ ಶಿಕ್ಷಕ ತರಬೇತಿ ಕಾಲೇಜಿನಲ್ಲಿದ್ದಾಗ, ಬಂಗಾಳಿ ಮಕ್ಕಳು ಇಂಗ್ಲಿಷ್ ಪಠ್ಯದ ಒಂದೊಂದು ಪುಟದಲ್ಲೂ ಹೊಸ ಪದಗಳಿಗೆ ಎಡವಿ ಓದುವುದನ್ನೇ ಕೈಬಿಡುವುದನ್ನು ಕಂಡರು. ಹೊಸ ಪದಗಳನ್ನು ವಿರಳವಾಗಿ ತಂದು, ತಂದದ್ದನ್ನು ಮತ್ತೆ ಮತ್ತೆ ಬಳಸುವ ಪಠ್ಯಗಳನ್ನು ಅವರು ರಚಿಸಿದರು. ಸುಮಾರು 2,000 ಪದಗಳ ಅವರ ಪ್ರಸಿದ್ಧ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1936ರಲ್ಲಿ, ಅಮೆರಿಕದ ಎಡ್ವರ್ಡ್ ಡಾಲ್ಚ್ ಮಕ್ಕಳ ಓದಿಗಾಗಿ 220 ಪದಗಳ ಒಂದು ಪಟ್ಟಿ ಮಾಡಿದ್ದರು. ಅದರಲ್ಲಿ ಒಂದೂ ನಾಮಪದವಿರಲಿಲ್ಲ. ದಿಸ್, ದ್ಯಾಟ್, ವಿತ್, ಫ್ರಮ್, ಕಮ್, ಗೋ, ಗಿವ್, ಹಿಯರ್, ವೆರಿ ಮೊದಲಾದ, ಚಿತ್ರ ಬರೆದು ತೋರಿಸಲಾಗದ ಪದಗಳೇ ಅಲ್ಲಿ ಹೆಚ್ಚಾಗಿದ್ದವು. ನಾಮಪದಗಳಿಗೆ ಬೇರೆಯೇ ಒಂದು ಪಟ್ಟಿಯನ್ನು ಅವರು ಇಟ್ಟಿದ್ದರು.

ಇದನ್ನು ಊಟಕ್ಕೆ ಹೋಲಿಸಬಹುದು. ಜೋಳದ ರೊಟ್ಟಿ ದಿನವೂ ಬೇಕು, ಹೋಳಿಗೆ ಹಬ್ಬಕ್ಕೆ ಬೇಕು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ, ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಾಗಲಿ ಪುಸ್ತಕದ ಅಂಗಡಿಯಲ್ಲಿ ಕೊಳ್ಳುವ ಬಣ್ಣದ ಚಾರ್ಟುಗಳಲ್ಲಿ ಜೀಬ್ರಾ, ಯಾಕ್, ಸ್ಟ್ರಾಬೆರಿ, ಹೆಲಿಕಾಪ್ಟರ್ ತಪ್ಪದೆ ಇರುತ್ತವೆ. ಇವು ಹೋಳಿಗೆಗಳು. ವರ್ಷಕ್ಕೊಮ್ಮೆಯೂ ಬಾಯಿಗೆ ಬಾರದ ಯಾಕ್ ಒಂದನೇ ತರಗತಿಯ ಮಗುವಿಗೆ ಗೊತ್ತಿರುತ್ತದೆ. ಗಂಟೆಗೆ ಹತ್ತು ಸಲ ಬೇಕಾಗುವ ವಿತ್ ಗೊತ್ತಿರುವುದಿಲ್ಲ. ಚಿತ್ರ ಮುದ್ರಿಸಲು ಯಾಕ್ ಸುಲಭ, ವಿತ್ ಕಷ್ಟ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ನನಗೆ ಕಾಣಿಸುವುದಿಲ್ಲ.

ಆದರೆ ಬಳಕೆಯ ಸಂಖ್ಯೆಯೊಂದೇ ಅಳತೆಗೋಲಾಗಲಾರದು. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯ ಮಕ್ಕಳ ಕೈಗೆ ಕೀಟನಾಶಕದ ಡಬ್ಬಿ ಸಿಗುವುದು ಅಪರೂಪವಲ್ಲ. ಆ ಡಬ್ಬಿಯ ಮೇಲಿನ ವಜ್ರಾಕಾರದ ಗುರುತಿನಲ್ಲಿ, ಕೆಳಭಾಗ ಕೆಂಪು ಅಥವಾ ಹಳದಿಯಾಗಿದ್ದರೆ ಪಾಯಿಸನ್ ಎಂದೂ, ನೀಲಿಯಾಗಿದ್ದರೆ ಡೇಂಜರ್ ಎಂದೂ, ಹಸಿರಾಗಿದ್ದರೆ ಕಾಷನ್ ಎಂದೂ ಬರೆದಿರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಹಸಿರು ಇವುಗಳಲ್ಲಿ ಕಡಿಮೆ ವಿಷದ್ದು. ಈ ಮೂರು ಪದಗಳು ಯಾವ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನದಲ್ಲಿದ್ದರೂ ಮಾನ್ವಿಯ ಅಥವಾ ಸಿರುಗುಪ್ಪದ ಮಗುವಿಗೆ ಮೊದಲ ನೂರರೊಳಗೆ ಬರಬೇಕಾದವು.

ಈಗಾಗಲೇ ಬಾಯಲ್ಲಿರುವ ಇಂಗ್ಲಿಷ್

ನಮ್ಮ ಮಗುವಿಗೆ ಇಂಗ್ಲಿಷಿನ ಗಂಧವೇ ಇಲ್ಲ ಎಂದು ಹೇಳುವ ತಾಯಿ, ಆ ಮಾತಿನ ಹಿಂದೆಯೇ, ಕರೆಂಟು ಹೋಗಿದೆ, ಸ್ವಿಚ್ಚು ಆರಿಸು, ಮೋಟರು ಬಂದ್ ಮಾಡಲು ಅಪ್ಪನಿಗೆ ಫೋನು ಹಚ್ಚು ಎನ್ನುತ್ತಾಳೆ. ಲೈನು, ಗೇಟು, ಡ್ಯಾಮು, ಟ್ರ್ಯಾಕ್ಟರು, ಲೋಡು, ರೈಸ್ ಮಿಲ್ಲು, ಬಸ್ ಸ್ಟ್ಯಾಂಡು, ಟಿಕೆಟು, ಚಾರ್ಜು, ಲೇಟು, ಹಾಫು, ಫುಲ್ಲು – ಇವೆಲ್ಲ ಗಂಗಾವತಿಯ ಅಕ್ಕಿ ಗಿರಣಿಯ ಸುತ್ತ ಆಡುವ ಮಗುವಿಗೆ ಹುಟ್ಟಿನಿಂದ ಕಿವಿಗೆ ಬಿದ್ದವು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸದವರ ಮನೆಯ ಮಗುವಿಗೆ ಜಿಪ್ಪು, ಬಟನ್ನು, ಪಾಕೆಟ್ಟು, ಕಟಿಂಗು, ವಾಷಿಂಗು ಗೊತ್ತು. ಹಟ್ಟಿಯ ಮಗುವಿಗೆ ಗೋಲ್ಡ್ ಮತ್ತು ಮೈನ್ಸ್ ಎರಡೂ ಊರಿನ ಹೆಸರಿನ ಜೊತೆಯಲ್ಲೇ ಬಂದಿವೆ. ಒಂದು ಸಂಜೆ ಕುಳಿತು ಮನೆಯಲ್ಲಿ ಆಡುವ ಇಂತಹ ಪದಗಳನ್ನು ಬರೆದುಕೊಂಡು ಹೋದರೆ, ಪಟ್ಟಿ ನೂರು ದಾಟುವುದು ಕಷ್ಟವಲ್ಲ.

ಈ ಪದಗಳು ಕಲಿಕೆಗೆ ಬಂಡವಾಳ. ಸದ್ದು ಪರಿಚಿತ, ಅರ್ಥ ಪರಿಚಿತ. ಉಳಿದಿರುವುದು ಇವು ಇಂಗ್ಲಿಷಿನವು ಎಂದು ಮಗುವಿಗೆ ತಿಳಿಸುವುದು ಮತ್ತು ಸ್ವಲ್ಪ ತಿದ್ದುವುದು. ತಿದ್ದಬೇಕಾದದ್ದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಉಚ್ಚಾರ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಬಸ್ಸಿಗೆ, ಕಾರಿಗೆ, ಗೇಟಿಗೆ ಕೊನೆಯಲ್ಲೊಂದು ಉಕಾರವನ್ನು ಅಂಟಿಸುತ್ತೇವೆ. ಎಕಾರದಿಂದ ಆರಂಭವಾಗುವ ಎಗ್ ನಮ್ಮ ಬಾಯಲ್ಲಿ ಯೆಗ್ಗಾಗುತ್ತದೆ, ಓಪನ್ ಎಂಬುದು ವೋಪನ್ ಆಗುತ್ತದೆ. ಇದು ಕನ್ನಡದ ಸಹಜ ನಡಿಗೆಯೇ ಹೊರತು ಅವಮಾನಪಡುವ ಸಂಗತಿಯಲ್ಲ. ಕನ್ನಡದಲ್ಲಿ ಮಾತನಾಡುವಾಗ ಬಸ್ಸು ಎನ್ನುವುದೇ ಸರಿ. ಇಂಗ್ಲಿಷ್ ಮಾತನಾಡುವಾಗ ಆ ಬಾಲವನ್ನು ಬಿಟ್ಟುಬಿಡುವುದನ್ನು ಮಗುವಿಗೆ ಒಂದು ಆಟದಂತೆ ತೋರಿಸಿದರೆ ಸಾಕು.

ಎರಡನೆಯದು ಅರ್ಥ. ಎರವಲು ಬಂದ ಪದ ಹೊಸ ಮನೆಗೆ ಬಂದ ಮೇಲೆ ಹಳೆಯ ಮನೆಯ ಎಲ್ಲ ಸಾಮಾನುಗಳನ್ನೂ ತರುವುದಿಲ್ಲ. ನಮಗೆ ಕರೆಂಟು ಎಂದರೆ ವಿದ್ಯುತ್ತು ಮಾತ್ರ; ಇಂಗ್ಲಿಷಿನಲ್ಲಿ ಹೊಳೆಯ ಸೆಳವೂ ಕರೆಂಟ್, ‘ಈಗಿನ’ ಎಂಬ ಅರ್ಥದಲ್ಲೂ ಕರೆಂಟ್. ಮಿರ್ಚಿ, ಒಗ್ಗಾಣಿ ತಿನ್ನಲು ನಾವು ಹೋಟೆಲಿಗೆ ಹೋಗುತ್ತೇವೆ. ಇಂಗ್ಲಿಷಿನ ಹೋಟೆಲ್ ಮುಖ್ಯವಾಗಿ ತಂಗುವ ಜಾಗ. ಹೊಲದಲ್ಲಿ ಬೋರು ಎಂದರೆ ಕೊಳವೆಬಾವಿ, ಅದು ಬೋರ್‌ವೆಲ್ ಎಂಬುದರ ಅರ್ಧ. ತರಗತಿಯಲ್ಲಿ ಬೋರು ಎಂದರೆ ಬೇಸರ. ಪಾಠದಲ್ಲಿ ಕರೆಂಟ್ ಅಫೇರ್ಸ್ ಎಂದು ಬಂದಾಗ ವಿದ್ಯುತ್ ಇಲಾಖೆಯ ವಿಷಯವೆಂದು ಮಗು ತಿಳಿದರೆ, ಅದು ತನಗೆ ತಿಳಿದ ಅರ್ಥದಿಂದ ಸರಿಯಾಗಿಯೇ ತರ್ಕ ಮಾಡಿದೆ ಎಂದಾಯಿತು.

ಒಂದಕ್ಕೆ ಒಂದು ಎಂಬ ಲೆಕ್ಕ ಏಕೆ ಹೊಂದುವುದಿಲ್ಲ?

ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಬರೆಸುವುದು ಹಳೆಯ ಪದ್ಧತಿ. ಬಳ್ಳಾರಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನರಿ ಸೊಸೈಟಿಯ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲೇ ಮದರಾಸಿನಲ್ಲಿ ಅಚ್ಚಾಗಿತ್ತು. ಎರಡು ಭಾಷೆಗಳನ್ನು ಎದುರುಬದುರು ಕೂರಿಸುವ ಸಾಹಸಕ್ಕೆ ಈ ಊರಿನಲ್ಲಿ ಇನ್ನೂರು ವರ್ಷಗಳ ಇತಿಹಾಸವಿದೆ. ಪದ್ಧತಿಯಲ್ಲಿ ದೋಷವಿಲ್ಲ. ಗೆರೆಯ ಎರಡೂ ಬದಿಗೆ ಒಂದೊಂದೇ ಪದ ಇರುತ್ತದೆ ಎಂದು ಮಗು ನಂಬಿಬಿಡುವುದೇ ತೊಡಕಿನ ಆರಂಭ.

ಸಿಂಧನೂರಿನ ಗದ್ದೆಯಲ್ಲಿ ನಿಂತಿರುವುದು ನೆಲ್ಲು. ಗಿರಣಿಯಿಂದ ಬರುವುದು ಅಕ್ಕಿ. ತಟ್ಟೆಗೆ ಬರುವುದು ಅನ್ನ. ಇಂಗ್ಲಿಷಿನಲ್ಲಿ ಹೊಟ್ಟು ಸಹಿತವಾದದ್ದಕ್ಕೆ ಪ್ಯಾಡಿ ಎಂಬ ಪದವಿದೆ, ಅದೂ ಮಲಯ ಭಾಷೆಯಿಂದ ಬಂದದ್ದು; ಗಿರಣಿ ದಾಟಿದ ಮೇಲೆ ಚೀಲದಲ್ಲಿದ್ದರೂ ರೈಸ್, ತಟ್ಟೆಯಲ್ಲಿದ್ದರೂ ರೈಸ್. ಅಂದರೆ ನಮ್ಮ ಎರಡು ಪದಗಳಿಗೆ ಅಲ್ಲಿ ಒಂದೇ ಪದ. ನೆಂಟರ ವಿಷಯದಲ್ಲೂ ಹೀಗೆಯೇ: ದೊಡ್ಡಪ್ಪ, ಕಾಕಾ, ಸೋದರಮಾವ ಮೂವರೂ ಅಂಕಲ್ ಆಗಿಬಿಡುತ್ತಾರೆ. ಮಾವನನ್ನೂ ಕಾಕಾನನ್ನೂ ಒಂದೇ ಹೆಸರಿನಿಂದ ಕರೆಯುವುದೇ ಎಂದು ಮಗು ಅಚ್ಚರಿಪಟ್ಟರೆ ಆ ಅಚ್ಚರಿ ಬೆಲೆಯುಳ್ಳದ್ದು, ಏಕೆಂದರೆ ಪ್ರತಿಯೊಂದು ಭಾಷೆಯೂ ಲೋಕವನ್ನು ತನ್ನದೇ ಗೆರೆಗಳಿಂದ ಭಾಗ ಮಾಡುತ್ತದೆ ಎಂಬುದು ಅದಕ್ಕೆ ಅಲ್ಲಿಂದಲೇ ಹೊಳೆಯತೊಡಗುತ್ತದೆ.

ತಿರುಗುಮುರುಗಾಗಿಯೂ ಇದು ನಡೆಯುತ್ತದೆ, ಕ್ರಿಯಾಪದಗಳಲ್ಲಂತೂ ಹೆಚ್ಚು. ನಮಗೆ ನೋಡು ಎಂಬ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ‘ಇಲ್ಲಿ ನೋಡು’ ಎಂದು ಕರೆಯುವಾಗ ಲುಕ್, ಟಿವಿ ನೋಡುವಾಗ ವಾಚ್, ಸಂತೆಯಲ್ಲಿ ಗೆಳೆಯ ಕಣ್ಣಿಗೆ ಬಿದ್ದದ್ದನ್ನು ಹೇಳುವಾಗ ಸೀ. ಈ ಭಾಗದ ಮಾತಿನ ಹಚ್ಚು ಎಂಬ ಪದವನ್ನು ತೆಗೆದುಕೊಳ್ಳಿ. ದೀಪ ಹಚ್ಚುತ್ತೇವೆ, ಗೋಡೆಗೆ ಬಣ್ಣ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಊರಿಗೆ ಫೋನು ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಲೈಟ್, ಎರಡನೆಯದಕ್ಕೆ ಪೇಂಟ್, ಮೂರನೆಯದಕ್ಕೆ ಅಪ್ಲೈ ಅಥವಾ ಪುಟ್, ನಾಲ್ಕನೆಯದಕ್ಕೆ ಕಾಲ್. ಹಚ್ಚು ಎಂದರೆ ಲೈಟ್ ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡ ಮಗು, ಎಣ್ಣೆ ಹಚ್ಚುವ ಮಾತಿಗೂ ಲೈಟ್ ಎಂದರೆ ತಲೆಗೆ ಬೆಂಕಿ ಇಟ್ಟಂತಾಗುತ್ತದೆ.

ಇದಕ್ಕೆ ಇರುವ ಪರಿಹಾರ ಸರಳ: ಬಿಡಿ ಪದವನ್ನು ಕಲಿಸದೆ ಮೂರು ನಾಲ್ಕು ಪದಗಳ ಗೊಂಚಲನ್ನು ಕಲಿಸುವುದು. ಲೈಟ್ ದ ಲ್ಯಾಂಪ್, ಪೇಂಟ್ ದ ವಾಲ್, ವಾಚ್ ಟಿವಿ, ಆನ್ ದ ಟೇಬಲ್. ಗೊಂಚಲಿಗೆ ಇನ್ನೊಂದು ಲಾಭವಿದೆ. ಕನ್ನಡದಲ್ಲಿ ‘ಮೇಲೆ’, ‘ಒಳಗೆ’, ‘ಜೊತೆ’ ಎಂಬವು ಹೆಸರಿನ ನಂತರ ಬರುತ್ತವೆ, ಇಂಗ್ಲಿಷಿನಲ್ಲಿ ಹೆಸರಿಗಿಂತ ಮೊದಲು ಬರುತ್ತವೆ. ಎ, ದ ಎಂಬ ಪುಟ್ಟ ಪದಗಳಿಗೆ ಕನ್ನಡದಲ್ಲಿ ಸಮಾನವಾದವೇ ಇಲ್ಲ. ಚಿತ್ರ ತೋರಿಸಿ ಕಲಿಸಲಾಗದ ಈ ಪದಗಳು ಗೊಂಚಲಿನಲ್ಲಿ ತಾವಾಗಿಯೇ ಸೇರಿಕೊಂಡು ಬರುತ್ತವೆ, ವ್ಯಾಕರಣದ ವಿವರಣೆ ಆಮೇಲೆ ಬಂದರೂ ನಡೆಯುತ್ತದೆ.

ಕಲಿತದ್ದು ಏಕೆ ಮರೆಯುತ್ತದೆ?

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಅವರ ಅಳತೆಯ ಪ್ರಕಾರ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು, ಒಂದು ದಿನದೊಳಗೆ ಸುಮಾರು ಮೂರರಲ್ಲಿ ಎರಡು ಭಾಗ ಜಾರಿಹೋಗುತ್ತದೆ. ಆ ಬಳಿಕ ಜಾರುವ ವೇಗ ನಿಧಾನವಾಗುತ್ತದೆ. ಅರ್ಥವಿರುವ ಪದಗಳು ಇದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತವೆಯಾದರೂ ಮರೆವಿನ ಇಳಿಜಾರು ಹೀಗೆಯೇ ಇರುತ್ತದೆ. ಎರೆಮಣ್ಣಿನ ಹೊಲಕ್ಕೆ ನೀರು ಕಟ್ಟುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೇ ದಿನ ಹೊಲ ತುಂಬಿ ತುಳುಕುವಂತೆ ನೀರು ಬಿಟ್ಟು ತಿಂಗಳು ಸುಮ್ಮನಿದ್ದರೆ ಬೆಳೆ ಬರುವುದಿಲ್ಲ. ಅದೇ ನೀರನ್ನು ಅಂತರ ಕೊಟ್ಟು ಹಾಯಿಸಿದರೆ ಬರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಐವತ್ತು ಪದ ಉರುಹೊಡೆಯುವುದು ಮೊದಲನೆಯ ಬಗೆ.

ಅಂತರದಷ್ಟೇ ಮುಖ್ಯವಾದದ್ದು ನೆನಪಿನಿಂದ ಹೊರತೆಗೆಯುವ ಕೆಲಸ. ಸ್ಪೂನ್ ಎಂದರೆ ಚಮಚ ಎಂದು ಹತ್ತು ಬಾರಿ ಓದುವುದಕ್ಕಿಂತ, ಚಮಚ ತೋರಿಸಿ ‘ಇದೇನು’ ಎಂದು ಕೇಳಿದಾಗ ಮಗು ಒಂದೆರಡು ಕ್ಷಣ ತಡಕಾಡಿ ತಾನೇ ಪದವನ್ನು ಹೊರತೆಗೆದರೆ ಅದು ಹೆಚ್ಚು ಗಟ್ಟಿಯಾಗುತ್ತದೆ. ತಡಕಾಡುವ ಆ ಕ್ಷಣದಲ್ಲಿ ದೊಡ್ಡವರು ಆತುರಪಟ್ಟು ಉತ್ತರ ಹೇಳಿಕೊಟ್ಟುಬಿಟ್ಟರೆ ಆ ಲಾಭ ಕೈತಪ್ಪುತ್ತದೆ.

ಈ ಎರಡು ಸಂಗತಿಗಳನ್ನೂ ಕೂಡಿಸಿ 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರರು ಒಂದು ಪೆಟ್ಟಿಗೆಯ ವಿಧಾನವನ್ನು ಪ್ರಚಾರಕ್ಕೆ ತಂದರು. ಮನೆಯಲ್ಲಿರುವ ಮಿಠಾಯಿ ಡಬ್ಬಿಯಲ್ಲೇ ಇದನ್ನು ಮಾಡಬಹುದು. ಹಳೆಯ ಮದುವೆ ಪತ್ರಿಕೆಗಳನ್ನು ಚೀಟಿಗಳಾಗಿ ಕತ್ತರಿಸಿ, ಒಂದು ಬದಿಗೆ ಇಂಗ್ಲಿಷ್ ಗೊಂಚಲು, ಇನ್ನೊಂದು ಬದಿಗೆ ಚಿತ್ರ ಅಥವಾ ಕನ್ನಡ ಬರೆಯಬೇಕು. ಡಬ್ಬಿಯಲ್ಲಿ ಮೂರು ಖಾನೆ ಮಾಡಿ, ಹೊಸ ಚೀಟಿಗಳನ್ನೆಲ್ಲ ಮೊದಲನೆಯದರಲ್ಲಿ ಇಡಬೇಕು. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆದು ಕೇಳಬೇಕು. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮತ್ತೆ ಮೊದಲಿನದಕ್ಕೆ ಬರುತ್ತದೆ. ಹೀಗಾಗಿ ಗೊತ್ತಿರುವುದನ್ನೇ ಮತ್ತೆ ಮತ್ತೆ ಓದುವ ಶ್ರಮ ಉಳಿದು, ಜಾರುತ್ತಿರುವ ಪದಗಳಿಗೆ ಹೆಚ್ಚು ಸರದಿ ಸಿಗುತ್ತದೆ.

ಇಲ್ಲಿ ಚಾರ್ಟುಗಳ ಮಾತನ್ನು ಮತ್ತೊಮ್ಮೆ ಎತ್ತಬೇಕಾಗುತ್ತದೆ. ಹಣ್ಣಿನ ಚಾರ್ಟು, ತರಕಾರಿ ಚಾರ್ಟು, ಬಣ್ಣದ ಚಾರ್ಟು ಎಂದು ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿಸುವುದು ನೋಡಲು ಅಚ್ಚುಕಟ್ಟು. ಆದರೆ 1990ರ ದಶಕದಲ್ಲಿ ಥಾಮಸ್ ಟಿಂಕ್‌ಹ್ಯಾಮ್ ಎಂಬ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ, ಒಂದೇ ಜಾತಿಯ ಹೊಸ ಪದಗಳನ್ನು ಒಮ್ಮೆಲೇ ಕಲಿತವರು, ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಕಲಿತವರಿಗಿಂತ ಹೆಚ್ಚು ಸಮಯ ತೆಗೆದುಕೊಂಡರು. ಅವಳಿ ಮಕ್ಕಳನ್ನು ಒಟ್ಟಿಗೆ ಪರಿಚಯಿಸಿದರೆ ಯಾರು ಯಾರೆಂದು ಗೊಂದಲವಾಗುವಂತೆ, ಲೆಫ್ಟ್ ಮತ್ತು ರೈಟ್ ಒಂದೇ ದಿನ ಕಲಿತ ಮಗುವಿಗೆ ಎರಡು ಪದಗಳು ಗೊತ್ತಿರುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಮೊದಲು ರೈಟ್ ಹ್ಯಾಂಡ್ ಗಟ್ಟಿಯಾಗಲಿ, ಒಂದೆರಡು ವಾರ ಬಿಟ್ಟು ಲೆಫ್ಟ್ ಬರಲಿ. ಒಂದೇ ಸನ್ನಿವೇಶಕ್ಕೆ ಸೇರಿದ ಬೇರೆ ಬೇರೆ ಜಾತಿಯ ಪದಗಳಿಗೆ ಈ ತೊಂದರೆಯಿಲ್ಲ. ಬಸ್, ಟಿಕೆಟ್, ವೇಟ್, ಸೀಟ್, ವಿಂಡೋ, ಸ್ಟಾಪ್ ಎಂಬವು ಕೊಪ್ಪಳದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆಯಲ್ಲಿ ಕೂಡಿ ಬರುವ ಪದಗಳು. ಇವು ಒಂದನ್ನೊಂದು ನೆನಪಿಸುತ್ತವೆಯೇ ಹೊರತು ಒಂದರ ಜಾಗವನ್ನು ಒಂದು ಕಸಿಯುವುದಿಲ್ಲ.

ಎಷ್ಟು ವೇಗ ಸಾಕು ಎಂಬುದಕ್ಕೆ ಒಂದು ಲೆಕ್ಕ ಹಾಕಬಹುದು. ವಾರಕ್ಕೆ ಎಂಟು ಪದಗಳು ನಿಜವಾಗಿ ಉಳಿದರೆ, ಶಾಲೆ ನಡೆಯುವ ಸುಮಾರು 40 ವಾರಗಳಲ್ಲಿ 320 ಪದಗಳಾದವು, ಐದು ವರ್ಷಗಳಲ್ಲಿ 1,600 ಆದವು. ಮೇಲೆ ಹೇಳಿದ 2,000ದ ಹತ್ತಿರಕ್ಕೆ ಇದು ಬರುತ್ತದೆ. ದಿನಕ್ಕೆ ಹತ್ತು ಪದ ಎಂಬ ಮನೆಪಾಠದ ಹುರುಪಿಗೆ ಹೋಲಿಸಿದರೆ ಎಂಟು ಸಣ್ಣದಾಗಿ ಕಾಣಬಹುದು.

ಸ್ಪೆಲ್ಲಿಂಗ್ ಯಾವಾಗ?

ಕನ್ನಡದ 49 ಅಕ್ಷರಗಳ ವರ್ಣಮಾಲೆ ಕಲಿತ ಮಗು ಬರೆದದ್ದನ್ನು ಓದುತ್ತದೆ, ಆಡಿದ್ದನ್ನು ಬರೆಯುತ್ತದೆ. ಇಂಗ್ಲಿಷಿನಲ್ಲಿ 26 ಅಕ್ಷರಗಳು ಸುಮಾರು 44 ಸದ್ದುಗಳ ಭಾರ ಹೊರುತ್ತವೆ. ಬಟ್ ಎಂಬಲ್ಲಿ ಅಕಾರದಂತೆ ಕೇಳುವ ಯು ಅಕ್ಷರವೇ ಪುಟ್ ಎಂಬಲ್ಲಿ ಉಕಾರವಾಗುತ್ತದೆ. ನೈಫ್ ಎಂಬ ಪದ ಬರೆಯುವಾಗ ಕೆ ಇಂದ ಆರಂಭವಾಗಿ ಓದುವಾಗ ಅದನ್ನು ನುಂಗುತ್ತದೆ. ಆದುದರಿಂದ ಕಿವಿಗೂ ಬಾಯಿಗೂ ಪರಿಚಯವಿಲ್ಲದ ಪದದ ಸ್ಪೆಲ್ಲಿಂಗನ್ನು ಮೊದಲೇ ಉರುಹೊಡೆಸಿದರೆ ಮಗುವಿಗೆ ಅದು ಫೋನ್ ನಂಬರಿನಂತೆ ಅರ್ಥವಿಲ್ಲದ ಸಾಲಾಗಿ ಉಳಿಯುತ್ತದೆ. ಕೇಳುವುದು, ಆಡುವುದು, ಓದುವುದು, ಆಮೇಲೆ ಬರೆಯುವುದು ಎಂಬ ಕ್ರಮ ಹೆಚ್ಚು ಹಗುರ.

ಇಂಗ್ಲಿಷ್ ಬಾರದ ಮನೆಯಲ್ಲಿ

ಮನೆಯಲ್ಲಿ ಇಂಗ್ಲಿಷ್ ಮಾತನಾಡದಿದ್ದರೆ ಮಗು ಹಿಂದೆ ಬೀಳುತ್ತದೆ ಎಂಬ ಭಯ ವ್ಯಾಪಕವಾಗಿದೆ. ಕೆನಡಾದ ಜಿಮ್ ಕಮಿನ್ಸ್ ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಅಧ್ಯಯನ ಮಾಡಿ ಕಂಡುಕೊಂಡದ್ದು ಬೇರೆ. ಸುತ್ತಲೂ ಇಂಗ್ಲಿಷ್ ಇರುವ ದೇಶದಲ್ಲೇ ಮಕ್ಕಳಿಗೆ ಆಟದ ಮಾತು ಬರಲು ಸುಮಾರು ಎರಡು ವರ್ಷ, ಪಾಠದ ಭಾಷೆ ಕೈವಶವಾಗಲು ಐದರಿಂದ ಏಳು ವರ್ಷ ಬೇಕಾಗುತ್ತದೆ. ಮನೆಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಎರಡನೆಯ ಭಾಷೆಗೆ ನೆರವಾಗುತ್ತದೆ. ಆವಿಯಾಗುವುದು ಎಂದರೇನೆಂದು ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಲಂಬಾಣಿಯಲ್ಲೋ ತಿಳಿದ ಮಗುವಿಗೆ ಇವಾಪರೇಷನ್ ಎಂಬುದು ಹೊಸ ಹೆಸರು ಮಾತ್ರ. ತಿಳಿಯದ ಮಗುವಿಗೆ ಹೆಸರೂ ಹೊಸದು, ವಸ್ತುವೂ ಹೊಸದು. ಈ ಮೂರು ಜಿಲ್ಲೆಗಳ ಅನೇಕ ಮಕ್ಕಳು ಮನೆಯಲ್ಲೊಂದು, ಓಣಿಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುತ್ತಲೇ ಬೆಳೆಯುತ್ತಾರೆ. ಒಂದು ವಸ್ತುವಿಗೆ ಹಲವು ಹೆಸರುಗಳಿರಬಹುದು ಎಂಬುದು ಅವರಿಗೆ ಮೊದಲೇ ಗೊತ್ತು.

ಇಂಗ್ಲಿಷ್ ಬಾರದ ತಾಯಿಯೂ ಕೇಳಬಲ್ಲಳು. ‘ಇದಕ್ಕ ನಿಮ್ಮ ಸಾಲ್ಯಾಗ ಏನಂತಾರ?’ ಎಂದು ರೊಟ್ಟಿ ಬಡಿಯುತ್ತಾ ಕೇಳಿದರೆ ಮಗು ನೆನಪಿನಿಂದ ಪದವನ್ನು ಹೊರತೆಗೆಯಬೇಕಾಗುತ್ತದೆ, ಜೊತೆಗೆ ತಾಯಿಗೆ ಗುರುವಾಗುವ ಹಿಗ್ಗೂ ಸಿಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಪುಸ್ತಕವಿಲ್ಲದಿದ್ದರೂ ಇಂಗ್ಲಿಷ್ ಅಕ್ಷರವಿದೆ: ಸಾಬೂನಿನ ಹೊದಿಕೆ, ಬಿಸ್ಕಿಟ್ ಪೊಟ್ಟಣ, ಗೊಬ್ಬರದ ಚೀಲ. 45 ಕಿಲೋ ಯೂರಿಯಾ ಚೀಲದ ಮೇಲೆ ನೆಟ್ ವೇಟ್ ಎಂದಿರುತ್ತದೆ. ಎಷ್ಟೋ ಚೀಲಗಳ ಮೇಲೆ ಯೂಸ್ ನೋ ಹುಕ್ಸ್ ಎಂಬ ಮೂರು ಪದಗಳೂ ಇರುತ್ತವೆ. ಕೊಕ್ಕೆ ಹಾಕಿ ಎತ್ತಬೇಡಿ ಎಂಬುದು ಅದರ ಅರ್ಥ. ಹಮಾಲರು ಚೀಲ ಎತ್ತುವುದನ್ನು ಕಂಡ ಮಗುವಿಗೆ ಹುಕ್ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ, ಯೂಸ್ ಮತ್ತು ನೋ ಎಂಬ ದಿನದ ರೊಟ್ಟಿಗಳು ಅದರ ಜೊತೆಗೇ ಬರುತ್ತವೆ.

ಇಷ್ಟಾದರೂ ಮಗು ಹಲವು ತಿಂಗಳು ಇಂಗ್ಲಿಷಿನಲ್ಲಿ ಬಾಯಿ ತೆರೆಯದೇ ಇರಬಹುದು. ಹೊಸ ಭಾಷೆಗೆ ಬಂದ ಮಕ್ಕಳಲ್ಲಿ ಕಾಣುವ ಇದನ್ನು ಮೌನದ ಅವಧಿ ಎಂದು ಕರೆಯುತ್ತಾರೆ. ಆ ಅವಧಿಯಲ್ಲಿ ಪರೀಕ್ಷಿಸಬೇಕಾದದ್ದು ಬಾಯನ್ನಲ್ಲ. ಬ್ರಿಂಗ್ ದ ಬಿಗ್ ಸ್ಪೂನ್ ಎಂದು ಅಕ್ಕ ಹೇಳಿದಾಗ, ‘ಯಾವ್ದು, ಸಾರಿನ ಸೌಟೋ?’ ಎಂದು ಕನ್ನಡದಲ್ಲಿ ಗೊಣಗುತ್ತಾ ಮಗು ಅಡುಗೆಮನೆಯ ಕಡೆ ಹೊರಟರೆ, ಬ್ರಿಂಗ್, ಬಿಗ್, ಸ್ಪೂನ್ ಮೂರೂ ಅದರ ಗ್ರಹಿಕೆಯ ಪದಗಳಾಗಿವೆ. ಸೌಟಿಗೆ ಲೇಡಲ್ ಎಂಬ ಬೇರೆ ಪದವಿದೆ ಎಂದು ಹೇಳಲು ಅದೇ ಸರಿಯಾದ ಹೊತ್ತು.